ತಾಹೇರ ಮಣ್ಣು ಮಾಡಿದ ಬಿಲ್ಲೆ

ಬೇವೂರು
೧೪-೭-೨೦೨೫

ಪ್ರತಿ ನಾಟಕದ ಕೊನೆಗೂ ನನ್ನ ಎದೆಗೆ ಕತ್ತಿ ಹಾಕಿದ ಗೆಳೆಯ ವಿರುಪಾಕ್ಷಿಗೆ, ನಿನ್ನ ಖಳನಾಯಕ ಮಕ್ಬುಲಸಾಬನ ಸಲಾಮು.

ನಿನ್ನ ಕಾಗದಗಳಿಗೆ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಮೈಕಿಲ್ಲದೆ ಬಯಲು ತುಂಬುತ್ತಿದ್ದ ನನ್ನ ಕಂಠ ಈಗ ಎರಡು ಮಾತಿಗೇ ಕೆಮ್ಮುತ್ತದೆ. ಶ್ವಾಸಕೋಶದಲ್ಲಿ ಕ್ಯಾನ್ಸರ್. ಆದರೆ ಇವತ್ತು ಬರೆಯುತ್ತಿರುವುದು ಆ ವೈರಿಯ ಕಥೆಯಲ್ಲ, ನನ್ನ ತಮ್ಮ ತಾಹೇರನ ಕಥೆ.

ಡಾಕ್ಟರ್ ಶೈಲಜಾ ಹೇಳಿದ್ದರು: "ಸಾಹೇಬ್ರ, ಕ್ಯಾನ್ಸರ್ ಗಡ್ಡಿ ವೇಷ ಹಾಕ್ಕೊಂಡು, ರೋಗದ ಜೋಡಿ ಬಡಿದಾಡೋ ನಿಮ್ಮ ಮೈಕಾವಲಿನವ್ರಿಗೆ ಮೋಸ ಮಾಡ್ತೈತ್ರಿ. ಆ ವೇಷ ಕಳಚೋ ಇಂಜೆಕ್ಷನ್ ಐತಿ, ಎಲ್ಲಾರಿಗೂ ನಾಟೂದಿಲ್ಲ. ಮೊದ್ಲ ಲ್ಯಾಬಿನ್ಯಾಗ ಗಡ್ಡಿಮ್ಯಾಲ ಆ ವೇಷದ ಗುರುತು ಎಷ್ಟೈತಿ ನೋಡ್ಬೇಕು." ನನ್ನ ಎದೆಯಿಂದ ತೆಗೆದ ಎಳ್ಳಿನಷ್ಟು ಮಾಂಸವನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ, ಬೆಂಗಳೂರಿನ ಲ್ಯಾಬಿಗೆ ಕಳಿಸೆಂದು ತಾಹೇರನ ಕೈಗೆ ಕೊಟ್ಟರು. ಮಾಂಸ ತೆಗೆಸಲು ಇನ್ನೊಮ್ಮೆ ಎದೆಗೆ ಸೂಜಿ ಹಾಕಿಸಿಕೊಳ್ಳಲು ನನ್ನಲ್ಲಿ ಉಸಿರಿರಲಿಲ್ಲ. ಇದ್ದದ್ದು ಅದೊಂದೇ ಬಿಲ್ಲೆ.

ಕೇಳಿದಾಗಲೆಲ್ಲ "ಕಳಿಸೀನಿ ಭಾಯಿ, ರಿಪೋರ್ಟ್ ಬರ್ತೈತಿ" ಎನ್ನುತ್ತಿದ್ದ. ಕೊನೆಗೆ ಡಾಕ್ಟರೇ ಫೋನ್ ಮಾಡಿ, ಲ್ಯಾಬಿಗೆ ಏನೂ ಮುಟ್ಟಿಲ್ಲ ಎಂದರು. ಅವನ ಕೊರಳಪಟ್ಟಿ ಹಿಡಿದೆ.

"ನಿನ್ನ ಮೈಯಿನ ತುಂಡು, ಊರೂರು ತಿರುಗಬಾರ್ದು ಅಂತ ಖಬರಸ್ತಾನದಾಗ ಅಮ್ಮಿ ಗೋರಿ ಬಾಜೂಕ ಮಣ್ಣು ಮಾಡೀನಿ ಭಾಯಿ. ನೀ ಹ್ಯಾಂಗೂ..."

"ಹ್ಯಾಂಗೂ ಏನಲೇ? ಡೈಲಾಗ್ ಪೂರಾ ಮಾಡು."



ನನ್ನ ಹೆಂಡತಿ ಬಾಷಾಬಿ ಸನಿಕೆ ತಂದು ಅವನ ಮುಂದೆ ಎಸೆದಳು. ಖಬರಸ್ತಾನಕ್ಕೆ ಕರೆದೊಯ್ದು ಅವನ ಕೈಯಿಂದಲೇ ಅಗೆಸಿದೆ. ಬಿಳಿ ಬಟ್ಟೆ, ಅತ್ತರಿನ ವಾಸನೆ, ಒಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾನು. ಮೇಣ ಕೆಟ್ಟಿರಲಿಲ್ಲ. ಪರೀಕ್ಷೆಯೂ ಆಯಿತು. ಗುರುತು ಭಾಳ ಇದೆಯಂತೆ, ಅಂದರೆ ನನಗೆ ನಾಟುವ ಸಂಭವ ಹೆಚ್ಚಂತೆ; ಇಂಜೆಕ್ಷನ್ ಶುರುವಾಗಿದೆ.

ಈಗ ನನ್ನ ಸೇಡು ಕೇಳು. ಇಂಜೆಕ್ಷನ್ ಬಾಟಲಿಯಿಂದ ನನ್ನ ನರಕ್ಕೆ ಇಳಿಯುವ ಪ್ರತಿ ಸಲವೂ ಮೊದಲ ಹನಿಯಿಂದ ಕಡೆಯ ಹನಿಯವರೆಗೆ ತಾಹೇರ ನನ್ನೆದುರು ಕೂರಬೇಕು. "ಒಮ್ಮೆ ಬೈದ್ಬಿಡು ಭಾಯಿ" ಎಂದು ಬೇಡುತ್ತಾನೆ. ಬೈಯುವುದಿಲ್ಲ. "ನಾ ಬದುಕೂದು ನೋಡು" ಎನ್ನುತ್ತೇನೆ. ಒಂದು ವೇಳೆ ಸತ್ತರೆ, ಖಬರಸ್ತಾನದ ಬಾಗಿಲಲ್ಲಿ ನೀನು ನಿಂತು ಅವನನ್ನು ತಡೆ. ನನ್ನ ಮೇಲೆ ಅವನ ಒಂದು ಹಿಡಿ ಮಣ್ಣೂ ಬೀಳಕೂಡದು. ತನ್ನ ಪಾಲಿನದನ್ನು ಅವನು ಆಗಲೇ ಹಾಕಿದ್ದಾನೆ.

ನಿನ್ನ ಮಗಳು ಗಂಗಾ ನೂರು ವರ್ಷ ಬಾಳಲಿ. ನಿನ್ನ ಕತ್ತಿಗೆ ತುಕ್ಕು ಹಿಡಿಯದಿರಲಿ.

ನಿನ್ನ
ಮಕ್ಬುಲಸಾಬ

ತಾ.ಕ.: ನೆನಪಿದೆಯೇ, ನೀನು ನನ್ನನ್ನು ಕೊಂದಾಗಲೆಲ್ಲ ಮುಂದಿನ ಸಾಲಿನಲ್ಲಿ ಪುಟ್ಟ ತಾಹೇರ ಅಳುತ್ತಿದ್ದ. ಪರದೆ ಬಿದ್ದ ಮೇಲೆ ನಾನು ಎದ್ದು ಬರುವವರೆಗೆ, ಯಾರು ಎಳೆದರೂ ಮನೆಗೆ ಹೋಗುತ್ತಿರಲಿಲ್ಲ. ಈ ಸಲ ಅವನು ಕಾಯಲಿಲ್ಲ, ವಿರುಪಾಕ್ಷಿ.