ಹಾಸಿಗೆಯಡಿಯ ಬ್ಯಾನರ್

ಪೂಜ್ಯ ಫಾದರ್ ಅವರಿಗೆ,

ಸಂಪೂರ್ಣ ಗಾಂಭೀರ್ಯದಿಂದ ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ನಮ್ಮ ಚರ್ಚಿನ ‘ಸೇವಾಯಾತ್ರೆ’ ಬ್ಯಾನರನ್ನು ಕದ್ದವನು ನಾನೇ. ಈ ಪರದೇಶದ ಅನಾಥಾಲಯದಲ್ಲಿ ಅದು ನನ್ನ ಹಾಸಿಗೆಯಡಿ ಸುಖವಾಗಿ ಮಲಗಿದೆ. ಹೊಸದು ಕಳಿಸಬೇಡಿ, ಅದನ್ನೂ ಕದಿಯುತ್ತೇನೆ.

ಸೋಮವಾರ ಬೆಳಿಗ್ಗೆ ನಮ್ಮ ತಂಡದವರು ಮಕ್ಕಳನ್ನೆಲ್ಲ ಬ್ಯಾನರಿನ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಒಂದಲ್ಲ, ಮೂರು ಸಲ. ಅಷ್ಟರಲ್ಲಿ ಶಾಲೆಯ ಬಸ್ಸು ಹೊರಟುಹೋಯಿತು. ಎರಡು ಜಡೆಯ ಹುಡುಗಿಗೆ ಅಂದು ವಾರ್ಷಿಕ ಪರೀಕ್ಷೆಯಿತ್ತು. ಅಡುಗೆಯಕ್ಕ ಸೌಟು ಹಿಡಿದೇ ಹೊರಬಂದರು.

“ಸೇವೆ ಮಾಡೋಕೆ ದೇಶ ಬಿಟ್ಟು ಬಂದ್ರಿ. ನಿಮ್ಮ ಮಗಳಾಗಿದ್ರೆ ಪರೀಕ್ಷೆ ದಿನ ಹೀಗೆ ನಿಲ್ಲಿಸ್ತಿದ್ರಾ?”

ತಂಡದ ನಾಯಕರು ಹಲ್ಲು ಕಿರಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಫೋಟೋದ ಗೀಳಿಲ್ಲದೆ, ದುಡಿಯಲೆಂದೇ ಬಂದವನು ಈ ತಂಡದಲ್ಲಿ ನಾನೊಬ್ಬನೇ.

ದಯವಿಟ್ಟು ಶಾಲೆಯ ಮುಖ್ಯೋಪಾಧ್ಯಾಯಿನಿಗೆ ನೀವೇ ಬರೆಯಿರಿ. ತಪ್ಪು ನಮ್ಮದು, ಹುಡುಗಿಗೆ ಮತ್ತೆ ಪರೀಕ್ಷೆ ಬರೆಯಲು ಬಿಡಲಿ. ಮೂರು ಫೋಟೋ ಏಕೆ ಬೇಕಾಯಿತೆಂದು ಅವರು ಕೇಳಿದರೆ ನಿಜ ಹೇಳಿಬಿಡಿ: ಮೊದಲೆರಡರಲ್ಲಿ ಕಣ್ಣು ಮುಚ್ಚಿಕೊಂಡು, ಇನ್ನೊಂದು ತೆಗೆಯಲೇಬೇಕೆಂದು ಹಟ ಹಿಡಿದವನು ನಾನು.

ಇಂತಿ ತಲೆ ತಗ್ಗಿಸಿ,
ನಿಮ್ಮ ಭಾನುವಾರದ ತರಗತಿಯ ಮೇಷ್ಟ್ರು