ಮೇಲೆ ಬಿಟ್ಟ ಜಾಗ

ನವೆಂಬರ್ 11, ಸೋಮವಾರ. ಬೆಳಿಗ್ಗೆ 10.15

ಲೈಬ್ರರಿ ತೆಗೆದೆ. ಪೇಪರ್ ಎರಡೇ ಬಂದಿವೆ. ಮೂರನೆಯದು ಎಂದಿನಂತೆ ಅಧ್ಯಕ್ಷರ ಮನೆಯಲ್ಲಿ ಕಾಫಿ ಕುಡಿಯುತ್ತಿರಬೇಕು. ಕಸ ಗುಡಿಸಿ ಕುರ್ಚಿ ಒರೆಸಿದೆ. ಓದುಗರು ಯಾರೂ ಇಲ್ಲ.

ಪಿಡಿಒ ವೆಂಕಟೇಶ್ ಬಂದರು. ಕಂಕುಳಲ್ಲಿ ಗ್ರಾಮಸಭೆಯ ಪುಸ್ತಕ. ಬುಧವಾರ ಸಭೆ. ನೂರು ಜನ ಇರಬೇಕು, ಬರುವುದು ಹತ್ತೋ ಹನ್ನೆರಡೋ. ಕೂಲಿ ಬಿಟ್ಟು ಯಾರು ಬರುತ್ತಾರೆ? ಅದಕ್ಕೇ ನಮ್ಮ ಪಂಚಾಯ್ತಿಯಲ್ಲಿ ಪದ್ಧತಿ — ಸಹಿ ಮೊದಲು, ಸಭೆ ಆಮೇಲೆ. ಪುಸ್ತಕವೇ ಮನೆ ಮನೆಗೆ ಹೋಗುತ್ತದೆ. ಪುಟದ ಕೆಳಗಿನ ಅರ್ಧದಲ್ಲಿ ಸಹಿ. ಮೇಲಿನ ಅರ್ಧ ಖಾಲಿ, ನಿರ್ಣಯ ಬರೆಯಲು ಬಿಟ್ಟ ಜಾಗ.

"ಕೆರೆ ಕೆಳಗಿನ ಬೀದಿಗೆ ನೀವೇ ಹೋಗ್ಬನ್ನಿ ಮೇಡಂ. ನಾನ್ ಹೋದ್ರೆ ಹತ್ತು ಪ್ರಶ್ನೆ ಕೇಳ್ತಾರೆ. ನೀವಾದ್ರೆ ಸುಮ್ನೆ ಹಾಕ್ತಾರೆ."

ಹೊಗಳಿಕೆ ಎಂದುಕೊಂಡೆ. ಖುಷಿಯೂ ಆಯಿತು. ಇಲ್ಲಿ ಸುಳ್ಳು ಏಕೆ ಬರೆಯಲಿ?

ನವೆಂಬರ್ 12. ಸಂಜೆ 6

ಮೂವತ್ತೊಂದು ಸಹಿ ಆಯಿತು.

ಕೆರೆ ಕೆಳಗಿನ ಬೀದಿಯಲ್ಲಿ ಅರ್ಧ ಹತ್ತಿ ಹಿಂಜುವ ಪಿಂಜಾರರ ಮನೆ, ಅರ್ಧ ದಲಿತರ ಮನೆ. ಅಲ್ಲಿನ ಹೆಂಗಸರಿಗೆ ಸಹಿ ಕಲಿಸಿದ್ದು ನಾನೇ, ಮೂರು ವರ್ಷದ ಕೆಳಗೆ, ಇದೇ ಲೈಬ್ರರಿಯ ನೆಲದ ಮೇಲೆ ಕೂರಿಸಿಕೊಂಡು. ಎಲ್ಲರಿಗಿಂತ ತಡ ಮಾಡಿದವಳು ಅಮ್ಮಾಜಮ್ಮ. ಹಾಸಿಗೆ ಹೊಲಿಯುವ ಕೈ, ಪೆನ್ನನ್ನು ದಬ್ಬಳದಂತೆ ಹಿಡಿಯುತ್ತಿದ್ದಳು. ಹದಿನೆಂಟು ದಿನ ಬೇಕಾಯಿತು. ಕಲಿತ ದಿನ ಮನೆಗೆ ಹೋಗಿ ಬಾಗಿಲ ಪಕ್ಕದ ಗೋಡೆಗೆ ಇದ್ದಿಲಲ್ಲಿ ತನ್ನ ಹೆಸರು ಬರೆದಳು. ಇವತ್ತಿಗೂ ಇದೆ. ಸುಣ್ಣ ಹೊಡೆಯುವಾಗ ಅಷ್ಟು ಜಾಗ ಬಿಟ್ಟು ಹೊಡೆಸಿದ್ದಾಳೆ.

ಇವತ್ತು ಮೈಯೆಲ್ಲ ಹತ್ತಿ ಧೂಳು. ಪುಟ ನೋಡಿ ಕೇಳಿದಳು, "ಅದೇಂದಮ್ಮಾ, ಮೇಲೆ ಏನೂ ಬರ್ದಿಲ್ವಲ್ಲಾ?"

"ಆಮೇಲೆ ಬರೀತಾರೆ. ಇದು ಹಾಜರಾತಿ ಅಷ್ಟೇ."

"ನಮ್ಮ ಅಂಗನವಾಡಿ ಬರೆಸ್ತೀರಾ ಕಾದಾ, ಬರೆಸ್ತೀರಲ್ವಾ?"

ಅವರ ಬೀದಿ ಪಕ್ಕದ ಬಯಲಿನಲ್ಲಿ ಅಂಗನವಾಡಿ ಕಟ್ಟಿಸಬೇಕೆಂಬುದು ನಾಲ್ಕು ವರ್ಷದ ಬೇಡಿಕೆ. ಅಲ್ಲಿನ ಮಕ್ಕಳು ಈಗ ದೊಡ್ಡ ರಸ್ತೆ ದಾಟಿ ನಮ್ಮ ಬೀದಿಯ ಅಂಗನವಾಡಿಗೆ ಬರಬೇಕು. ಬಂದರೂ ಬಾಗಿಲ ಹತ್ತಿರವೇ ಕೂರಬೇಕು. ಹಾಗೆಂದು ಯಾರೂ ಹೇಳುವುದಿಲ್ಲ. ಆದರೂ ಅಲ್ಲೇ ಕೂರುತ್ತವೆ.

"ಬರೆಸ್ತೀನಿ" ಎಂದೆ.

ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಸಹಿ ಮಾಡಿದಳು. ಪಕ್ಕದ ಮನೆಯ ಚಿಕ್ಕವೆಂಕಟಮ್ಮ, "ಇವ್ಳು ಸೈನ್ ಮಾಡೋ ಹೊತ್ಗೆ ನಾನು ಒಂದು ಮುದ್ದೆ ಉಣ್ತೀನಿ" ಎಂದಳು. ಎಲ್ಲರೂ ನಕ್ಕೆವು.

ನವೆಂಬರ್ 13. ಮಧ್ಯಾಹ್ನ 1

ಸಭೆ ಮುಗಿಯಿತು. ಇದ್ದದ್ದು ಹನ್ನೊಂದು ಜನ. ಕುರ್ಚಿಯಲ್ಲಿ ಅಧ್ಯಕ್ಷೆ ಶ್ಯಾಮಲಮ್ಮ, ಮಾತು ಪೂರಾ ಅವರ ಗಂಡ ನರಸಿಂಹಪ್ಪನವರದು. ಇಪ್ಪತ್ತು ನಿಮಿಷ. ಖಾರಾಬೂಂದಿ, ಟೀ.

ಅಂಗನವಾಡಿ ವಿಷಯ ಎತ್ತಿದೆ. "ನೋಡಣ, ನೋಡಣ" ಎಂದರು ನರಸಿಂಹಪ್ಪ. ಅಷ್ಟಕ್ಕೇ ಕೂತುಬಿಟ್ಟೆ. ಪುಸ್ತಕದಲ್ಲಿ ಬರೆದುಕೊಂಡರೋ ಇಲ್ಲವೋ ನೋಡಲಿಲ್ಲ.

ಡಿಸೆಂಬರ್ 3, ಮಂಗಳವಾರ. ಬೆಳಿಗ್ಗೆ 11.30

ಈಗಷ್ಟೇ ಆಫೀಸಿನಿಂದ ಬಂದೆ.

ಆ ಬಯಲಿಗೆ ಜೆಸಿಬಿ ಬಂದಿದೆ. ಅಂಗನವಾಡಿಗಲ್ಲ. ಕಸದ ಘಟಕಕ್ಕೆ. ಐದು ಹಳ್ಳಿಯ ಕಸ ಅಲ್ಲಿಗೆ ಬರುತ್ತದಂತೆ, ಅಮ್ಮಾಜಮ್ಮನ ಗೋಡೆಯಿಂದ ಮೂವತ್ತು ಹೆಜ್ಜೆ.

ಅಮ್ಮಾಜಮ್ಮ ಬಂದಿದ್ದಳು. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆಯೇ ನಿಂತಳು, ಒಳಗೆ ಬರಲಿಲ್ಲ. ಇಷ್ಟು ವರ್ಷ ಒಳಗೆ ಬಂದು ಫ್ಯಾನ್ ಹಾಕಿಕೊಂಡು ಕೂರುತ್ತಿದ್ದವಳು.

"ನಾವೇ ಒಪ್ಪಿದೀವಂತೆ ಮೇಡಮ್ಮಾ. ಬುಕ್ಕಲ್ಲಿ ಐತಂತೆ."

ಆಫೀಸಿಗೆ ಓಡಿದೆ. ಪುಸ್ತಕ ತೆಗೆಸಿದೆ. ಇದೆ. ವೆಂಕಟೇಶ್ ಅವರ ಮುತ್ತಿನಂಥ ಅಕ್ಷರ. "ಕೆಳಗೆ ಸಹಿ ಮಾಡಿರುವ ನಿವಾಸಿಗಳಾದ ನಾವು ಸ್ವಇಚ್ಛೆಯಿಂದ…" ಅದರ ಕೆಳಗೆ ಮೂವತ್ತೊಂದು ಸಹಿ. ಕೊನೆಯ ಸಾಲಿನಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ, ಅಮ್ಮಾಜಮ್ಮ.

ಡಿಸೆಂಬರ್ 4. ಮಧ್ಯಾಹ್ನ 3

ವೆಂಕಟೇಶ್ ಅವರನ್ನು ಕೇಳಿದೆ. ತಲೆ ಎತ್ತಲಿಲ್ಲ. "ಮುಂಚಿಂದ ಹಿಂಗೇ ನಡ್ಕೊಂಡ್ ಬಂದಿದೆ ಮೇಡಂ. ಸಹಿ ತಂದಿದ್ದು ನೀವೇ ಅಲ್ವಾ?"

ನರಸಿಂಹಪ್ಪ ಅಲ್ಲೇ ಇದ್ದರು. ಕೋಪ ಮಾಡಿಕೊಳ್ಳಲಿಲ್ಲ, ನಗುತ್ತಲೇ ಕೇಳಿದರು. "ಅಲ್ಲಿ ಬ್ಯಾಡ ಅಂದ್ರೆ ಎಲ್ಲಿ ಹಾಕಣಮ್ಮ? ನಿಮ್ಮ ಮನೆ ಹಿಂದೆ ಸರ್ಕಾರಿ ಜಾಗ ಐತಲ್ಲಾ, ಅಲ್ಲಿ ಹಾಕಣಾ?"

ಆ ಒಂದು ಕ್ಷಣ ನನ್ನ ಮನಸ್ಸಿಗೆ ಬಂದದ್ದು ವಾಸನೆ, ನೊಣ, ನಮ್ಮ ಮಗಳು ಮೇಧಾ ಓದುವ ಕಿಟಕಿ. ಅವರಿಗೆ ಅದು ಕಂಡಿತು. ಅದಕ್ಕೇ ನಕ್ಕದ್ದು.

ಹೊರಗೆ ಬರುವಾಗ ಶ್ಯಾಮಲಮ್ಮ ಬಾಗಿಲಲ್ಲಿ ಸಿಕ್ಕರು. ಮೆಲ್ಲಗೆ ಹೇಳಿದರು. "ನಂಗೂ ಗೊತ್ತಿರ್ಲಿಲ್ಲ ಶುಭಾ. ನನ್ ಸಹಿನೂ ಅವ್ರೇ ಹಾಕೋದು."

ಡಿಸೆಂಬರ್ 5. ರಾತ್ರಿ 9

ಬೆಳಿಗ್ಗೆ ನನ್ನ ಗಂಡ ಕೇಶವ್‌ಗೆ ಎಲ್ಲ ಹೇಳಿದೆ. ಟಿಫನ್ ಡಬ್ಬಿ ಮುಚ್ಚುತ್ತ ಕೇಳಿಸಿಕೊಂಡರು. ಚಿಂತಾಮಣಿ ಬಸ್ಸಿಗೆ ಹೊತ್ತಾಗಿತ್ತು.

"ನಿನ್ನ ಕೆಲಸ ಪಂಚಾಯ್ತಿದು ಕಣೇ. ಅವರು ಬೇಡ ಅಂದ್ರೆ ನಾಳೆ ಇಲ್ಲ. ನೀನೇನು ಬರೆದ್ಯಾ? ಇಲ್ವಲ್ಲ. ಸುಮ್ನಿರು."

ನಾನು ಬರೆಯಲಿಲ್ಲ, ನಿಜ. ಇಡೀ ದಿನ ಅದೊಂದೇ ಮಾತನ್ನು ಹಿಡಿದುಕೊಂಡು ಓಡಾಡಿದೆ. ಸಂಜೆಯ ಹೊತ್ತಿಗೆ ಅದೂ ಕೈಯಲ್ಲಿ ನಿಲ್ಲಲಿಲ್ಲ.

ಡಿಸೆಂಬರ್ 12. ಬೆಳಿಗ್ಗೆ 11

ಒಂದು ವಾರ ಬರೆಯಲಾಗಲಿಲ್ಲ.

ಬೀದಿಯವರು ಚಿಕ್ಕವೆಂಕಟಮ್ಮನನ್ನು ಮುಂದಿಟ್ಟುಕೊಂಡು ತಾಲ್ಲೂಕಿಗೆ ಅರ್ಜಿ ಕೊಟ್ಟಿದ್ದಾರೆ. 18ಕ್ಕೆ ವಿಶೇಷ ಸಭೆ. ತಾಲ್ಲೂಕಿನ ಅಧಿಕಾರಿ ಬರುತ್ತಾರೆ. ಸಹಿ ನಿಮ್ಮದೇ ಹೌದೋ ಅಲ್ಲವೋ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರಂತೆ. ಇಲ್ಲ ಎಂದು ಹೇಗೆ ಹೇಳುತ್ತಾರೆ? ಸಹಿ ಅವರದೇ. ಹಾಳೆ ಖಾಲಿ ಇತ್ತು ಎಂದು ಅವರು ಹೇಳಿದರೆ, ಓದಲು ಬಾರದವರಿಗೆ ಏನು ಗೊತ್ತು ಎಂದು ತಳ್ಳಿಹಾಕಬಹುದು. ಓದು ಬಲ್ಲ ಸಾಕ್ಷಿ ನಾನೊಬ್ಬಳೇ.

ಹಾಳೆ ಖಾಲಿ ಇತ್ತೆಂದು ಅಧಿಕಾರಿಗೆ ಪತ್ರ ಬರೆದು ಹಳೇ ಪೇಪರ್ ಫೈಲಿನಲ್ಲಿ ಇಟ್ಟಿದ್ದೇನೆ. ಮೂರು ಸಲ ತೆಗೆದೆ, ಮೂರು ಸಲ ಇಟ್ಟೆ. ಹೇಡಿ.

ಡಿಸೆಂಬರ್ 17. ಸಂಜೆ 5.30

ಕೆರೆ ಕೆಳಗಿನ ಬೀದಿಗೆ ಹೋಗಿದ್ದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂತ್ಕೊಳ್ಳಿ ಎನ್ನಲಿಲ್ಲ, ಅಷ್ಟೇ.

ಅಮ್ಮಾಜಮ್ಮ ಹಾಸಿಗೆ ಹೊಲಿಯುತ್ತಿದ್ದಳು. ಮುರುಗಮಲ್ಲದ ದರ್ಗಾ ಹತ್ತಿರದ ಅಂಗಡಿಯವರಿಗೆ ನಾಳೆಯೇ ಕೊಡಬೇಕಂತೆ. ಗೋಡೆಯ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ಹೆಸರು ಇದೆ. ಅಳಿಸಿಲ್ಲ.

"ನಾಳೆ ಸಭೇಲಿ ಹೇಳ್ತೀನಿ. ಹಾಳೆ ಖಾಲಿ ಇತ್ತು ಅಂತ" ಎಂದೆ.

ದಬ್ಬಳ ಎಳೆದು ಗಂಟು ಹಾಕಿದಳು. "ಅಂಗನವಾಡಿ ಬರೆಸ್ತೀನಿ ಅಂದಾಗ್ಲೂ ಹಿಂಗೇ ಅಂದ್ರಿ ಕಾದಮ್ಮಾ."

ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದದ್ದನ್ನು ಹೇಳಿದಳು. ದಾರಿಯುದ್ದಕ್ಕೂ ಅತ್ತೆ.

ಡಿಸೆಂಬರ್ 18. ಸಂಜೆ 4.45

ಆದದ್ದನ್ನು ಆದಂತೆಯೇ ಬರೆಯಬೇಕು. ಇನ್ನು ಮೇಲಾದರೂ.

ಪಂಚಾಯ್ತಿ ಅಂಗಳ ತುಂಬಿತ್ತು. ಬೀದಿಗೆ ಬೀದಿಯೇ ಕೂಲಿ ಬಿಟ್ಟು ಬಂದಿತ್ತು. ಬಾಗಿಲಲ್ಲಿ ಹಾಜರಾತಿ ಪುಸ್ತಕ, ಪೆನ್ನು ಹಿಡಿದು ವೆಂಕಟೇಶ್. ಸಾಲಿನಲ್ಲಿ ಮೊದಲು ಅಮ್ಮಾಜಮ್ಮ. ಪೆನ್ನು ಕೊಟ್ಟರು. ತೆಗೆದುಕೊಳ್ಳಲಿಲ್ಲ.

"ಇಂಕ್ ಪ್ಯಾಡ್ ಕೊಡಿ ಸಾ."

ಅಧಿಕಾರಿ ತಲೆ ಎತ್ತಿದರು. "ನಿಮಗೆ ಸಹಿ ಬರುತ್ತಂತಲ್ಲಮ್ಮ?"

"ಬರ್ತಿತ್ತು ಸಾ."

ಪ್ಯಾಡ್ ಹುಡುಕಲು ಹತ್ತು ನಿಮಿಷ ಹಿಡಿಯಿತು. ಇಡೀ ಪಂಚಾಯ್ತಿ ಸಾಕ್ಷರವಾಗಿದೆ ಎಂದು ಬೋರ್ಡ್ ಹಾಕಿಕೊಂಡ ಮೇಲೆ ಯಾರಿಗೆ ಬೇಕಿತ್ತು ಪ್ಯಾಡ್? ಒಣಗಿತ್ತು. ನೀರು ಚಿಮುಕಿಸಿದರು. ಅಮ್ಮಾಜಮ್ಮ ಹೆಬ್ಬೆಟ್ಟು ಒತ್ತಿದಳು. ಹಿಂದೆ ಚಿಕ್ಕವೆಂಕಟಮ್ಮ. ಅವಳ ಹಿಂದೆ ಇನ್ನೊಬ್ಬಳು. ಒಬ್ಬಳೂ ಪೆನ್ನು ಮುಟ್ಟಲಿಲ್ಲ. ಮಾತಾಡಿಕೊಂಡು ಬಂದಿದ್ದರೋ, ಅಲ್ಲೇ ಹೊಳೆಯಿತೋ ಗೊತ್ತಿಲ್ಲ. ಮೂರು ವರ್ಷದ ನನ್ನ ಕೆಲಸ ಆ ಒಂದು ಪುಟದಲ್ಲಿ ನೀಲಿ ಕಲೆಗಳಾಗಿ ಹೋಯಿತು. ನೋಡುತ್ತ ನಿಂತೆ.

ಹಳೆಯ ಪುಟ ತೆಗೆದು ಅಧಿಕಾರಿ ಕೇಳಿದರು, "ಈ ಸಹಿಗಳನ್ನು ತಂದವರು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಎದ್ದು ನಿಂತೆ.

"ನಾನು ಸರ್. ನಾನು ತಂದಾಗ ಮೇಲಿನ ಭಾಗ ಖಾಲಿ ಇತ್ತು. ಬರೀ ಹಾಜರಾತಿ ಅಂತ ಹೇಳಿ ಹಾಕಿಸಿದೆ."

ನರಸಿಂಹಪ್ಪ ಎದ್ದರು. "ಹಂಗಾದ್ರೆ ಕಸ ಎಲ್ಲಿ ಹಾಕಣ, ಅದನ್ನೂ ಅಮ್ಮನೋರೇ ಹೇಳ್ಲಿ!"

"ನಮ್ಮ ಮನೆ ಹಿಂದಿನ ಜಾಗಾನೂ ಚರ್ಚೆಗೆ ಬರಲಿ" ಎಂದೆ. ನಮ್ಮ ಬೀದಿಯವರ ಕಡೆ ನೋಡಲಿಲ್ಲ. ಯಾರೋ ಕುರ್ಚಿ ಸರಿಸಿದ ಸದ್ದು ಕೇಳಿತು.

ಕೆಲಸ ನಿಲ್ಲಿಸಲು ಹೇಳಿದ್ದಾರೆ. ರದ್ದಲ್ಲ, ವಿಚಾರಣೆ ಮುಗಿಯುವವರೆಗೆ ಮಾತ್ರ. ಜೆಸಿಬಿ ಅಲ್ಲೇ ನಿಂತಿದೆ.

ಗೇಟಿನ ಹತ್ತಿರ ಅಮ್ಮಾಜಮ್ಮ ಸಿಕ್ಕಳು. ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಏನಾದರೂ ಹೇಳುತ್ತಾಳೆಂದು ನಿಂತೆ. "ಹೇಳಿದ್ರಲ್ಲಾ, ಸರೇಲೇ, ಆಯ್ತು ಬಿಡಿ" ಎಂದಳು. ಹೋದಳು.

ಡಿಸೆಂಬರ್ 20, ಶುಕ್ರವಾರ. ಬೆಳಿಗ್ಗೆ 10.40

ನೋಟಿಸ್ ಬಂದಿದೆ, ನನಗೆ. ಮೂರು ದಿನದಲ್ಲಿ ಲಿಖಿತ ಉತ್ತರ ಕೊಡಬೇಕು. ಅಲ್ಲಿಯವರೆಗೆ ಲೈಬ್ರರಿ ಬೀಗದ ಕೈ ಆಫೀಸಿಗೆ ಒಪ್ಪಿಸಬೇಕು. ಕೊಟ್ಟು ಬಂದೆ. ಇದನ್ನು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಮ್ಮಾಜಮ್ಮ ಅಂದು ನಿಂತ ಮೆಟ್ಟಿಲು.

ಪ್ರಶ್ನೆ ಒಂದೇ. "ಸದರಿ ಸಹಿಗಳನ್ನು ಯಾರ ಸೂಚನೆಯ ಮೇರೆಗೆ ಪಡೆದಿರಿ?"

ವೆಂಕಟೇಶ್ ಹೆಸರು ಬರೆಯಬಹುದು. ಬರೆಯುತ್ತೇನೆ, ಅದು ನಿಜವೇ. ಪುಸ್ತಕ ಕೊಟ್ಟವರು ಅವರೇ. ಆದರೆ ಅಷ್ಟೇ ಬರೆದರೆ ಅರ್ಧ ಪುಟ ಮತ್ತೆ ಖಾಲಿ ಬಿಟ್ಟಂತಾಗುತ್ತದೆ.

ಕರಡು ಇಲ್ಲೇ ಬರೆದುಕೊಳ್ಳುತ್ತೇನೆ —

ಮಾನ್ಯರೇ, ಪುಸ್ತಕ ಕೊಟ್ಟವರು ಪಿಡಿಒ ಅವರು. ಆದರೆ ಸಹಿ ಹಾಕಿಸಲು ಸೂಚನೆಯೇನೂ ಬೇಕಾಗಿರಲಿಲ್ಲ. ನಾನು ಹೋಗಿ ಕೇಳಿದರೆ ಆ ಹೆಂಗಸರು ಓದಿಸದೆಯೇ ಸಹಿ ಹಾಕುತ್ತಾರೆ ಎಂಬುದು ಪಂಚಾಯ್ತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.