ಕುದುರೆ ಕದ್ದವಳ ಕಾಗದ

ಕಾಲ್ಗೂರ್ಲಿ
ಸೆಪ್ಟೆಂಬರ್ 22

ಟೆಗನ್,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೇನೆ ಎಂದೇ ಹೇಳುತ್ತೀಯ, ಅದು ಸುಳ್ಳೆಂದು ನನಗೆ ಗೊತ್ತು. ಎಸ್ಪೆರೆನ್ಸಿನ ತಾಯಿಮನೆಗೆ ಹೋದಾಗಿನಿಂದ ಫೋನು ಆರಿಸಿಟ್ಟು ಕೂತಿದ್ದೀಯಂತೆ. ಕಾಗದವಾದರೆ ಹರಿಯುವ ಮುಂಚೆ ನಾಲ್ಕು ಸಾಲಾದರೂ ಕಣ್ಣಿಗೆ ಬೀಳುತ್ತವೆ.

ಅಂದು ಜಾಕಿಗಳ ಕೋಣೆಯಲ್ಲಿ ನೀನು ಎಲ್ಲರೆದುರು ನನ್ನ ಚೀಲ ಎತ್ತಿ ಹೊರಗೆ ಕೆಂಪು ಧೂಳಿಗೆ ಎಸೆದೆ. "ಕಳ್ಳಿ! ನನ್ ಕುದುರೆ ಬೇಕಿತ್ತು ಅಂದ್ರೆ ಬಾಯ್ಬಿಟ್ಟು ಕೇಳೋಕೇನಾಗಿತ್ತು? ಡಾಕ್ಟ್ರ ಹತ್ರ ಹೋಗಿ ಚಾಡಿ ಹೇಳ್ಬೇಕಿತ್ತಾ?" ಎಂದು ಕಿರುಚಿದೆ. ಉಳಿದವರೆಲ್ಲ ಬೂಟು ಬಿಗಿಯುವವರ ಹಾಗೆ ತಲೆ ತಗ್ಗಿಸಿದರು. ನಾನು ಚೀಲದ ಧೂಳು ಕೊಡವಿಕೊಂಡು ಮನೆಗೆ ನಡೆದೆ. ಈಗ ಹೇಳುತ್ತೇನೆ, ಕೇಳು. ಹೌದು, ರೇಸ್ ಕ್ಲಬ್ಬಿನ ಡಾಕ್ಟರಿಗೆ ಹೇಳಿದ್ದು ನಾನೇ. ನಿನ್ನ ಲೈಸೆನ್ಸು ತಡೆಹಿಡಿದದ್ದು ನನ್ನ ಮಾತಿನಿಂದಲೇ. ಕ್ಷಮೆ ಕೇಳುವುದಿಲ್ಲ.

ಜಾಕಿಗಳಿಗೆ ಹಸಿವೇನೂ ಹೊಸದಲ್ಲ. ನಮ್ಮಲ್ಲಿ ಯಾರೂ ಹೊಟ್ಟೆ ತುಂಬ ಉಂಡು ತಕ್ಕಡಿ ಹತ್ತಿದವರಲ್ಲ. ಅದಕ್ಕೇ ನನಗೂ ಬಹಳ ಕಾಲ ಅನುಮಾನ ಬರಲಿಲ್ಲ. ಬಂದದ್ದು ಈ ಜೂನ್ ತಿಂಗಳ ಚಳಿಗಾಲದಲ್ಲಿ, ನೀನು ಭುಜದ ಮೂಳೆ ಮುರಿದುಕೊಂಡು ನಮ್ಮ ಮನೆಯಲ್ಲಿದ್ದಾಗ. ರೇಸಿಲ್ಲ, ತೂಕ ನೋಡುವವರಿಲ್ಲ. ಆಗಲೂ ನೀನು ತಿನ್ನಲಿಲ್ಲ. ಭಾನುವಾರ ಅಮ್ಮ ಕುರಿಯ ತೊಡೆ ಸುಟ್ಟು ಬಡಿಸಿದರೆ, ಆಲೂಗಡ್ಡೆಯನ್ನು ಸಾಸಿವೆಯಷ್ಟು ಸಣ್ಣ ಮಾಡಿ ತಟ್ಟೆಯಂಚಿಗೆ ಸರಿಸುತ್ತ ಕೂತೆ. "ತಿನ್ನೇ ಮಗಳೇ, ಮೂಳೆ ಕೂಡ್ಬೇಕಲ್ಲ" ಎಂದವಳಿಗೆ, "ನನ್ನೇನು ಕೊಬ್ಬಿಸಿ ಕಟುಕನಿಗೆ ಮಾರ್ತೀರಾ?" ಎಂದೆ. ಅಮ್ಮ ನಕ್ಕಳು. ಆಮೇಲೆ ಪಾತ್ರೆ ತೊಳೆಯುತ್ತ ಅತ್ತಳು. ನೀನು ಅಷ್ಟರಲ್ಲಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡಿದ್ದೆ. ಬಾಗಿಲ ಹೊರಗೆ ನಾನು ನಿಂತಿದ್ದೆ, ಟೆಗನ್. ನೀರಿನ ಸದ್ದಿನಡಿ ನೀನು ಕಾರಿಕೊಂಡದ್ದೆಲ್ಲ ಕೇಳಿಸಿತು.

"ನಿಂಗೆ ಹುಷಾರಿಲ್ಲ ಕಣೇ, ಯಾರಿಗಾದ್ರೂ ತೋರ್ಸೋಣ" ಎಂದೆ ನಾನು. "ನಿಂಗೆ ಹೊಟ್ಟೆಕಿಚ್ಚು. ಹೋಗಿ ನಿನ್ ಸೊಂಟ ಕನ್ನಡೀಲಿ ನೋಡ್ಕೋ" ಎಂದೆ ನೀನು. ಎಲ್ಲಿ ಹೊಡೆದರೆ ನೋಯುತ್ತದೆಂದು ಗೊತ್ತಿದ್ದೇ ಹೊಡೆದೆ.

ನಮ್ಮೂರ ದೊಡ್ಡ ಕಪ್ ರೇಸಿನ ಹಿಂದಿನ ವಾರ ಬೆಳಗಿನ ಓಟದಲ್ಲಿ ಆದದ್ದು ನಿನಗೆ ನೆನಪಿರಲಿಕ್ಕಿಲ್ಲ. ತಿರುವಿನಲ್ಲಿ ನೀನು ಎಚ್ಚರ ತಪ್ಪಿ, ನಿನ್ನ ಕುದುರೆ ಸಾಲ್ಟ್‌ಬುಷ್‌ನ ಕುತ್ತಿಗೆಗೆ ಒರಗಿದೆ. ಲಗಾಮು ಕೈಯಿಂದ ಜಾರಿತ್ತು. ಪಕ್ಕದ ಕುದುರೆಯ ಮೇಲಿದ್ದ ನಾನು ಬಗ್ಗಿ ಅದನ್ನು ಹಿಡಿಯದಿದ್ದರೆ, ಹಿಂದೆ ಬರುತ್ತಿದ್ದ ಕುದುರೆಗಳ ಗೊರಸಿಗೆ ನೀನು ಸಿಕ್ಕುತ್ತಿದ್ದೆ. ನಿನ್ನೊಂದಿಗೆ ಇನ್ನೆಷ್ಟು ಜನವೋ. ಕಣ್ಣು ಬಿಟ್ಟವಳೇ "ಬಿಸ್ಲು ಕಣೇ, ಅಷ್ಟೇ" ಎಂದೆ.

ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ಚಾಡಿ ಹೇಳುವ ಆಸೆಯಿದ್ದರೆ ನೇರ ಡಾಕ್ಟರ ಬಳಿಗೇ ಓಡುತ್ತಿದ್ದೆ. ಮೊದಲು ಹೋದದ್ದು ನಮ್ಮಿಬ್ಬರಿಗೂ ಕುದುರೆ ಕೊಡುವ ಪೆಂಗೆಲ್ಲಿಯ ಲಾಯಕ್ಕೆ. ಆ ತರಬೇತುದಾರ ಮಹಾಶಯ ಬಾಯ್ತುಂಬ ಮಾಂಸದ ಪೈ ತುರುಕಿಕೊಂಡು, "ಜಾಕಿ ಅಂದ್ಮೇಲೆ ಹಸ್ಕೊಂಡೇ ಇರ್ಬೇಕಮ್ಮ. ಹೊಟ್ಟೆ ತುಂಬಿಸ್ಕೊಳ್ಳೋರು ಬೇಕರಿ ಇಟ್ಕೊಳ್ಳಲಿ" ಎಂದ. ಅಲ್ಲಿಂದ ಸೀದಾ ಡಾಕ್ಟರ ಬಳಿಗೆ ನಡೆದೆ. ಮಾರನೆಯ ದಿನ ನಿನ್ನನ್ನು ಕರೆಸಿ ಪರೀಕ್ಷೆ ಮಾಡಿ ಮನೆಗೆ ಕಳಿಸಿದರು. ಸಂಜೆಗೆಲ್ಲ ಪೆಂಗೆಲ್ಲಿ ಸಾಲ್ಟ್‌ಬುಷ್‌ನನ್ನು ನನಗೆ ಕೊಟ್ಟ. ನಾನು ಬೇಡ ಎನ್ನಲಿಲ್ಲ. ಅಂಥ ಕುದುರೆಯನ್ನು ಬೇಡ ಎನ್ನಲು ನಾನೇನು ಸನ್ಯಾಸಿನಿಯಲ್ಲ. ಇದನ್ನೂ ಊರಿಗೆಲ್ಲ ಸಾರಿಕೋ.

ಎಸ್ಪೆರೆನ್ಸಿನ ಡಾಕ್ಟರು ವಾರವಾರವೂ ಬಾ ಎಂದಿದ್ದಾರೆ, ನೀನು ಒಮ್ಮೆಯೂ ಹೋಗಿಲ್ಲ ಎಂದು ನಿನ್ನಮ್ಮ ಹೇಳಿದರು. ಹೋಗೇ, ಮೊಂಡಿ. ನನ್ನನ್ನು ಬೈಯುವುದಕ್ಕಾದರೂ ಹೋಗು. ಬಾಯಿ ಮುಚ್ಚಿಸದೆ ಕೇಳುವವರು ಅಲ್ಲಿ ಒಬ್ಬರಾದರೂ ಇರುತ್ತಾರೆ. ಬದುಕೆಲ್ಲ ನನ್ನನ್ನು ದ್ವೇಷಿಸಿಕೊಂಡಿರು, ನನಗೆ ಅಡ್ಡಿಯಿಲ್ಲ. ಸತ್ತರೆ ಮಾತ್ರ ನಾನು ನಿನ್ನನ್ನು ಕ್ಷಮಿಸುವುದಿಲ್ಲ.

ನೀನು ಏನೆಂದು ಕರೆದರೂ ಸರಿ,
ಲೊರೆಟ್ಟಾ

ತಾ.ಕ.: ಫಲಿತಾಂಶ ನೀನು ನೋಡಿರಲಾರೆ. ಕಪ್ ದಿನ ಸಾಲ್ಟ್‌ಬುಷ್ ಮೇಲೆ ಕೂತವಳು ನಾನಲ್ಲ, ಪರ್ತ್‌ನಿಂದ ಬಂದ ಯಾವನೋ ಒಬ್ಬ. ನಿನ್ನ ವಿಷಯ ಹೇಳುವಾಗ ಡಾಕ್ಟರು ಪೆನ್ನು ಕೆಳಗಿಟ್ಟು, "ಇದೆಲ್ಲ ಇಷ್ಟು ಚೆನ್ನಾಗಿ ನಿಂಗೆ ಹೇಗಮ್ಮ ಗೊತ್ತು?" ಎಂದು ಕೇಳಿದ್ದರು. ಅಂದು ಉತ್ತರಿಸದೆ ಎದ್ದು ಬಂದೆ. ಕಪ್‌ನ ಹಿಂದಿನ ದಿನ ಮತ್ತೆ ಹೋಗಿ, ನನ್ನದೂ ಅದೇ ಕಾಯಿಲೆ ಎಂದು ಹೇಳಿದೆ. ಈಗ ನನಗೂ ಲೈಸೆನ್ಸಿಲ್ಲ. ನಿನ್ನೆ ಅಮ್ಮ ಕೊಟ್ಟ ಸೂಪು ಪೂರ್ತಿ ಕುಡಿದು ಅವಳ ಕೈ ಹಿಡಿದುಕೊಂಡು ಕೂತಿದ್ದೆ. ಎದ್ದು ಬಚ್ಚಲಿಗೆ ಹೋಗಲಿಲ್ಲ.